ಕರೆಂಟ್ ಕೊಟ್ಟ ಡಾಕ್ಟರು, ಸಂಸ್ಥೆ ಕಟ್ಟಿದ ಡಾಕ್ಟರು: ಎಂ.ವಿ. ಗೋವಿಂದಸ್ವಾಮಿಯವರನ್ನು ಸಗರನಾಡಿನಿಂದ ನೋಡಿದಾಗ

ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ಒಬ್ಬರ ಬಗ್ಗೆ ಕರೆಂಟ್ ಕೊಡಿಸಿಕೊಂಡು ಬಂದಾರ ಅಂತ ಸುದ್ದಿ ಹಬ್ಬಿದರೆ ಮುಗೀತು. ಆ ಮನೆಗೆ ಹೆಣ್ಣು ಕೊಡೋರು ಎರಡು ಸಲ ಯೋಚಿಸ್ತಾರೆ. ಹೊಲದ ಪಾಲು ಮಾಡುವಾಗ ಆ ಮನುಷ್ಯನ ಮಾತನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಕರೆಂಟ್ ಅಂದ್ರೆ ಇಲ್ಲಿ ಮನೆಗೆ ಬರೋ ಕರೆಂಟ್ ಅಲ್ಲ, ತಲೆಗೆ ಕೊಡೋ ಕರೆಂಟ್.

ನಮ್ಮ ಅತ್ತಿಗೆ, ಅಂದ್ರೆ ಅಪ್ಪನ ತಂಗಿಗೆ, ಅದನ್ನು ಕೊಡಿಸಿದ್ದರು. 1980ರ ದಶಕದ ಮಾತು. ಎರಡನೇ ಹೆರಿಗೆ ಆದ ಮೇಲೆ ಆಕೆ ಮಾತು ಬಿಟ್ಟಳು, ಅನ್ನ ಬಿಟ್ಟಳು, ಕೂಸಿಗೆ ಹಾಲು ಕೊಡೋದು ಬಿಟ್ಟಳು. ಊರಲ್ಲಿ ಅದಕ್ಕೆ ಬಾಣಂತಿ ಸನ್ನಿ ಅಂತಾರೆ. ಮೊದಲು ಗಾಣಗಾಪುರಕ್ಕೆ ಕರೆದುಕೊಂಡು ಹೋದರು, ಆಮೇಲೆ ದೂರದ ಒಂದು ಆಸ್ಪತ್ರೆಗೆ. ಅರಿವಳಿಕೆ ಇಲ್ಲದೆ, ನಾಲ್ಕು ಜನ ಕೈಕಾಲು ಒತ್ತಿ ಹಿಡಿದು ಕರೆಂಟ್ ಕೊಟ್ಟರು ಅಂತ ಅಪ್ಪ ಹೇಳ್ತಿದ್ದ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದು ನಮ್ಮ ಮುತ್ಯಾ. ಅತ್ತಿಯನ್ನು ಯಾರೂ ಏನೂ ಕೇಳಲಿಲ್ಲ.

ಕಷ್ಟದ ಸಂಗತಿ ಏನಂದ್ರೆ, ಆಕೆ ಸುಧಾರಿಸಿದಳು. ಆರನೇ ಸಲದ ಹೊತ್ತಿಗೆ ಎದ್ದು ಕೂತು ರೊಟ್ಟಿ ತಿಂದಳಂತೆ. ಆದರೆ ಆ ವರ್ಷದ ಬಹಳಷ್ಟು ನೆನಪು ಅಳಿಸಿಹೋಯಿತು. ಮಗು ಹುಟ್ಟಿದ ದಿನ ಆಕೆಗೆ ಇವತ್ತಿಗೂ ನೆನಪಿಲ್ಲ. ಹೀಗಾಗಿ ಕರೆಂಟ್ ಕೊಡೋದನ್ನು ಬರೀ ಕ್ರೌರ್ಯ ಅನ್ನೋರ ಜೊತೆಗೂ ನಾನು ಪೂರ್ತಿ ನಿಲ್ಲಲಾರೆ, ಬರೀ ವಿಜ್ಞಾನ ಅನ್ನೋರ ಜೊತೆಗೂ ನಿಲ್ಲಲಾರೆ. ಕರ್ನಾಟಕಕ್ಕೆ ಈ ಚಿಕಿತ್ಸೆಗಳನ್ನೆಲ್ಲ ತಂದವರು ಯಾರು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಡಾ. ಎಂ.ವಿ. ಗೋವಿಂದಸ್ವಾಮಿ. ಇವತ್ತಿನ ನಿಮ್ಹಾನ್ಸ್‌ಗೆ ಬುನಾದಿ ಹಾಕಿದವರು. ಅವರು ತೀರಿಕೊಂಡು ಅರವತ್ತು ವರ್ಷದ ಮೇಲಾಯಿತು. ಅವರ ಬದುಕಿನಲ್ಲೂ ನನ್ನದೇ ಇಕ್ಕಟ್ಟು ದೊಡ್ಡದಾಗಿ ಕಾಣಿಸಿತು.

ಪೇಟೆಯ ಹುಚ್ಚಾಸ್ಪತ್ರೆಯಿಂದ ಲಕ್ಕಸಂದ್ರಕ್ಕೆ

ಗೋವಿಂದಸ್ವಾಮಿ ಹುಟ್ಟಿದ್ದು 1904ರಲ್ಲಿ. ಆಗಲೇ ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಅರ್ಧ ಶತಮಾನ ದಾಟಿತ್ತು. 1847ರಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅನ್ನೋ ಬ್ರಿಟಿಷ್ ವೈದ್ಯ ಅದನ್ನು ಪೇಟೆಯಲ್ಲಿ ಶುರು ಮಾಡಿದ್ದರು. 1925ರಲ್ಲಿ ಲುನಾಟಿಕ್ ಅಸೈಲಮ್ ಅನ್ನೋ ಹೆಸರು ತೆಗೆದು ಮೆಂಟಲ್ ಹಾಸ್ಪಿಟಲ್ ಅಂತ ಕರೆದರು. ಹೆಸರು ಬದಲಾದ ಮಾತ್ರಕ್ಕೆ ಎಲ್ಲಾ ಬದಲಾಗೋದಿಲ್ಲ, ನಿಜ. ಆದರೆ ಮೈಸೂರು ಸಂಸ್ಥಾನದಲ್ಲಿ ಹೆಸರಿನ ಹಿಂದೆ ಕೆಲಸವೂ ನಡೆಯಿತು. ಡಾ. ಫ್ರಾಂಕ್ ನೊರೊನ್ಹಾ ಅನ್ನೋ ಸೂಪರಿಂಟೆಂಡೆಂಟ್ ಹಿಂದೆಬಿದ್ದು, ದಿವಾನ್ ಮಿರ್ಜಾ ಇಸ್ಮಾಯಿಲ್ ಬೆಂಬಲ ಪಡೆದು, ಊರ ಹೊರಗಿನ ಲಕ್ಕಸಂದ್ರದಲ್ಲಿ ಹೊಸ ಆಸ್ಪತ್ರೆ ಕಟ್ಟಿಸಿದರು. 1930ರ ದಶಕದ ಕೊನೆಯ ಹೊತ್ತಿಗೆ ರೋಗಿಗಳು ಅಲ್ಲಿಗೆ ಹೋದರು. ಜೈಲಿನಂಥ ಒಂದೇ ಕಟ್ಟಡದ ಬದಲು ಬಿಡಿ ಬಿಡಿ ವಾರ್ಡುಗಳು, ನಡುವೆ ತೋಟ, ರೋಗಿಗಳಿಗೆ ಮಾಡಲು ಕೈಕೆಲಸ. ಹೊಸೂರು ರಸ್ತೆಯಲ್ಲಿ ಇವತ್ತು ನಾವು ನೋಡೋ ನಿಮ್ಹಾನ್ಸ್ ಇರೋದು ಅದೇ ನೆಲದ ಮೇಲೆ.

ನೊರೊನ್ಹಾ ಅವರ ನಂತರ ಈ ಆಸ್ಪತ್ರೆ ಗೋವಿಂದಸ್ವಾಮಿಯವರ ಕೈಗೆ ಬಂತು. ವೈದ್ಯಕೀಯದ ಜೊತೆಗೆ ಮನಃಶಾಸ್ತ್ರ, ತತ್ವಶಾಸ್ತ್ರಗಳಲ್ಲೂ ಆಸಕ್ತಿಯಿದ್ದ, ಇಂಗ್ಲೆಂಡಿನಲ್ಲಿ ಮನೋವೈದ್ಯಕೀಯದ ತರಬೇತಿ ಪಡೆದು ಬಂದ ಮನುಷ್ಯ. ಅದೇ ಕಾಲದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಎಡ್ವರ್ಡ್ ಮಾಪೊಥರ್ ಭಾರತದ ಹುಚ್ಚಾಸ್ಪತ್ರೆಗಳನ್ನು ಸುತ್ತಿ ನೋಡಿ, ಬ್ರಿಟಿಷ್ ಸರ್ಕಾರ ಅವುಗಳನ್ನು ಇಟ್ಟುಕೊಂಡ ರೀತಿಯನ್ನು ಕಟುವಾಗಿ ಟೀಕಿಸಿದ್ದರು.

ಇಲ್ಲಿ ಒಂದು ಮಾತು ನೆನಪಿಡಬೇಕು. ಇದೆಲ್ಲ ಮೈಸೂರಿನ ಕಥೆ, ನಮ್ಮದಲ್ಲ. ಆಗ ಶಹಾಪುರ, ಸುರಪುರ, ಯಾದಗಿರಿ ಎಲ್ಲವೂ ಗುಲ್ಬರ್ಗಾ ಜಿಲ್ಲೆಯ ಊರುಗಳು, ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ನಿಜಾಮರ ಹುಚ್ಚಾಸ್ಪತ್ರೆ ಇದ್ದದ್ದು ಜಾಲ್ನಾದಲ್ಲಿ, ಇವತ್ತಿನ ಮಹಾರಾಷ್ಟ್ರದಲ್ಲಿ. ಅದು ಹೈದರಾಬಾದಿನ ಎರ್ರಗಡ್ಡಕ್ಕೆ ಬಂದದ್ದೇ 1953ರಲ್ಲಿ. ಸಗರದ ಒಬ್ಬ ರೈತನ ಹೆಂಡತಿಗೆ ಬಾಣಂತಿ ಸನ್ನಿ ಆದರೆ ಜಾಲ್ನಾ ದೂರ, ಲಕ್ಕಸಂದ್ರ ಬೇರೆ ರಾಜ್ಯ. ಹತ್ತಿರ ಇದ್ದದ್ದು ಸಗರದ ಸೂಫಿ ಸರ್ಮಸ್ತರ ದರ್ಗಾ, ತಿಂಥಣಿಯ ಮೌನೇಶ್ವರ, ಸ್ವಲ್ಪ ಅನುಕೂಲ ಇದ್ದವರಿಗೆ ಗಾಣಗಾಪುರ. ರಜಾಕಾರರ ಕಾಲ, 1948ರ ಪೊಲೀಸ್ ಕಾರ್ಯಾಚರಣೆಯ ಕಾಲ ನಮ್ಮ ಮನೆಗಳಲ್ಲಿ ಎಷ್ಟು ಜನರ ತಲೆ ಕೆಡಿಸಿತೋ! ಬೆಂಗಳೂರು ಆಗಲೇ ಲಂಡನ್ನಿನ ಜೊತೆ ಓಡುತ್ತಿತ್ತು.

ತಪ್ಪು ಸಿದ್ಧಾಂತ, ಕೆಲಸ ಮಾಡಿದ ಚಿಕಿತ್ಸೆ

ಆ ಓಟ ಎಂಥದ್ದು ಅಂತ ತಿಳಿಯಲು 1930ರ ದಶಕದ ಯುರೋಪಿಗೆ ಹೋಗಬೇಕು. ಅಲ್ಲಿಯ ತನಕ ಹುಚ್ಚಾಸ್ಪತ್ರೆ ಅಂದ್ರೆ ಇಟ್ಟುಕೊಳ್ಳೋ ಜಾಗ, ಗುಣ ಮಾಡೋ ಜಾಗ ಅಲ್ಲ. ಸ್ಕಿಜೋಫ್ರೇನಿಯಾ ಬಂದವರು ಒಳಗೆ ಹೋದರೆ ಹೆಣವಾಗಿಯೇ ಹೊರಬರೋದು ಅನ್ನೋ ಸ್ಥಿತಿ. ಆಗ ಹಂಗೇರಿಯ ಮೆಡುನಾ ಒಂದು ಊಹೆ ಮಾಡಿದ. ಮೂರ್ಛೆರೋಗ ಇರೋರಿಗೆ ಸ್ಕಿಜೋಫ್ರೇನಿಯಾ ಬರೋದು ಕಡಿಮೆ, ಅಂದ್ರೆ ಇವೆರಡೂ ಒಂದಕ್ಕೊಂದು ಶತ್ರುಗಳು, ಒಂದನ್ನು ಕೃತಕವಾಗಿ ತರಿಸಿದರೆ ಇನ್ನೊಂದು ಹೋಗುತ್ತದೆ ಅನ್ನೋದು ಅವನ ಲೆಕ್ಕ. 1934ರಲ್ಲಿ ಕರ್ಪೂರದ ಎಣ್ಣೆಯ ಇಂಜೆಕ್ಷನ್ ಕೊಟ್ಟು ಫಿಟ್ಸ್ ತರಿಸಿದ. ಆಮೇಲೆ ಕಾರ್ಡಿಯಜಾಲ್ ಅನ್ನೋ ರಾಸಾಯನಿಕ ಬಂತು. ಇತ್ತ ವಿಯೆನ್ನಾದ ಸಾಕೆಲ್ ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆ ಇಳಿಸಿ, ರೋಗಿಯನ್ನು ಕೋಮಾಕ್ಕೆ ಕಳಿಸಿ, ಗ್ಲೂಕೋಸ್ ಕೊಟ್ಟು ವಾಪಸ್ ತರಿಸೋ ವಿಧಾನ ಹೇಳಿದ. ಒಂದು ಸಲ ಅಲ್ಲ, ವಾರಗಟ್ಟಲೆ, ದಿನಾ ದಿನಾ. 1938ರ ಏಪ್ರಿಲ್‌ನಲ್ಲಿ ರೋಮ್‌ನ ಚೆರ್ಲೆಟ್ಟಿ ಮತ್ತು ಬಿನಿ ಇಂಜೆಕ್ಷನ್ ಬಿಟ್ಟು ನೇರ ವಿದ್ಯುತ್ತನ್ನೇ ಹಿಡಿದರು. ರೋಮ್‌ನ ಕಸಾಯಿಖಾನೆಯಲ್ಲಿ ಹಂದಿಗಳ ತಲೆಗೆ ಕರೆಂಟ್ ಮುಟ್ಟಿಸೋದನ್ನು ನೋಡಿ ಚೆರ್ಲೆಟ್ಟಿಗೆ ಧೈರ್ಯ ಬಂದದ್ದು. ಹಂದಿಗಳು ಕರೆಂಟಿಗೆ ಸಾಯುತ್ತಿರಲಿಲ್ಲ, ಫಿಟ್ಸ್ ಬಂದು ಬೀಳುತ್ತಿದ್ದವು.

ಮೆಡುನಾನ ಸಿದ್ಧಾಂತ ತಪ್ಪಾಗಿತ್ತು. ಎರಡೂ ರೋಗಗಳು ಒಬ್ಬರಲ್ಲೇ ಇರೋದುಂಟು ಅಂತ ಈಗ ಗೊತ್ತು. ಆದರೆ ಫಿಟ್ಸ್ ತರಿಸಿದಾಗ ಕೆಲವರು, ಅದರಲ್ಲೂ ಕಲ್ಲಿನಂತೆ ಕೂತುಬಿಟ್ಟವರು, ತೀವ್ರ ಖಿನ್ನತೆಯಲ್ಲಿ ಊಟ ಬಿಟ್ಟವರು, ನಿಜಕ್ಕೂ ಎದ್ದು ಓಡಾಡಿದರು. ನಮ್ಮ ಅತ್ತಿ ಎದ್ದದ್ದೂ ಹಾಗೆಯೇ. ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದರ ಬಗ್ಗೆ ವಿಜ್ಞಾನಿಗಳು ಇನ್ನೂ ಒಂದೇ ಮಾತಿಗೆ ಬಂದಿಲ್ಲ.

ಬೆಂಗಳೂರು ಇದನ್ನೆಲ್ಲ ದೂರದಿಂದ ನೋಡುತ್ತಾ ಕೂರಲಿಲ್ಲ. ಇನ್ಸುಲಿನ್ ಮತ್ತು ಫಿಟ್ಸ್ ತರಿಸೋ ಚಿಕಿತ್ಸೆಯ ಬಗ್ಗೆ ಗೋವಿಂದಸ್ವಾಮಿ ಬರೆದ ಪ್ರಬಂಧ 1939ರಲ್ಲೇ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಯೋಚಿಸಿ ನೋಡಿ. ಒಂದು ದೇಶೀ ಸಂಸ್ಥಾನದ ಆಸ್ಪತ್ರೆ, ಯುರೋಪಿನಲ್ಲಿ ಐದಾರು ವರ್ಷ ಹಿಂದೆ ಶುರುವಾದದ್ದನ್ನು ಇಲ್ಲಿ ಮಾಡಿ, ಫಲಿತಾಂಶ ಬರೆದು, ಜಗತ್ತಿನ ಮುಂದೆ ಇಟ್ಟಿತ್ತು. ವಸಾಹತಿನ ಜನ ಕಲಿಯಲು ಮಾತ್ರ ಲಾಯಕ್ಕು ಅಂದುಕೊಂಡವರ ಪತ್ರಿಕೆಯಲ್ಲಿ ಮೈಸೂರಿನ ಕನ್ನಡಿಗನೊಬ್ಬ ಸಮನಾಗಿ ಮಾತಾಡಿದ್ದು ಸಣ್ಣದಲ್ಲ. ವಿದ್ಯುತ್ ಚಿಕಿತ್ಸೆಯೂ 1940ರ ದಶಕದಲ್ಲಿ ಬೆಂಗಳೂರಿಗೆ ಬಂತು.

ಹೆಮ್ಮೆಪಡುವಾಗಲೇ ಇನ್ನೊಂದನ್ನೂ ನೋಡಬೇಕು. ಆಗಿನ ಕರೆಂಟ್ ಅಂದ್ರೆ ಅರಿವಳಿಕೆ ಇಲ್ಲ, ಸ್ನಾಯು ಸಡಿಲಿಸೋ ಔಷಧ ಇಲ್ಲ. ಕಪಾಳದ ಮೇಲುಭಾಗದಲ್ಲಿ ಎರಡು ತಟ್ಟೆ ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಮೈಯೆಲ್ಲ ಬಿಲ್ಲಿನಂತೆ ಬಾಗಿ ನಡುಗುತ್ತೆ. ಬೆನ್ನುಮೂಳೆ ಬಿರುಕು ಬಿಡೋದು, ದವಡೆ ಜಾರೋದು ಆಗ ಅಪರೂಪವಾಗಿರಲಿಲ್ಲ. ಕಾರ್ಡಿಯಜಾಲ್ ಅದಕ್ಕಿಂತ ಕೆಟ್ಟದ್ದು. ಇಂಜೆಕ್ಷನ್‌ಗೂ ಫಿಟ್ಸ್‌ಗೂ ನಡುವಿನ ಕೆಲವು ಕ್ಷಣ ರೋಗಿಗೆ ಸಾವೇ ಎದುರಿಗೆ ನಿಂತಂಥ ಭಯ ಆಗುತ್ತಿತ್ತು. ಒಮ್ಮೆ ಅನುಭವಿಸಿದವರು ಎರಡನೇ ಸಲಕ್ಕೆ ಸುಲಭವಾಗಿ ಕೈ ಚಾಚುತ್ತಿರಲಿಲ್ಲ.

ಇನ್ಸುಲಿನ್ ಕೋಮಾದ ಗತಿ ಏನಾಯಿತು ಗೊತ್ತೇ? 1957ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಲಂಡನ್ನಿನ ವೈದ್ಯರು ಒಂದು ಪರೀಕ್ಷೆಯ ಫಲಿತಾಂಶ ಹಾಕಿದರು. ಒಂದು ಗುಂಪಿಗೆ ಇನ್ಸುಲಿನ್ ಕೋಮಾ, ಇನ್ನೊಂದಕ್ಕೆ ನಿದ್ದೆಯ ಔಷಧ ಕೊಟ್ಟು ಅಷ್ಟೇ ಆರೈಕೆ. ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಇಪ್ಪತ್ತು ವರ್ಷ ಜಗತ್ತಿನಾದ್ಯಂತ ಜನರನ್ನು ಕೋಮಾಕ್ಕೆ ಕಳಿಸಿದ್ದು ವ್ಯರ್ಥವಾಗಿತ್ತು. ಏನಾದರೂ ಗುಣ ಕಂಡಿದ್ದರೆ ಅದು ನರ್ಸುಗಳು ದಿನವಿಡೀ ಹತ್ತಿರ ಕೂತು ನೋಡಿಕೊಂಡದ್ದರಿಂದ ಇರಬಹುದು.

ಲ್ಯಾನ್ಸೆಟ್‌ನ ಇನ್ನೊಂದು ಪುಟ

ಗೋವಿಂದಸ್ವಾಮಿಯವರ ಬದುಕಿನಲ್ಲಿ ನಾನು ಬಹಳ ಹೊತ್ತು ನಿಂತದ್ದು 1944ರಲ್ಲಿ. ಆ ವರ್ಷ ಅವರು ಮತ್ತು ಬೆಂಗಳೂರಿನ ಹೆಸರಾಂತ ಶಸ್ತ್ರವೈದ್ಯ ಡಾ. ಬಿ.ಎನ್. ಬಾಲಕೃಷ್ಣ ರಾವ್ ಸೇರಿ ಲ್ಯಾನ್ಸೆಟ್‌ನಲ್ಲಿ ಇನ್ನೊಂದು ಪ್ರಬಂಧ ಪ್ರಕಟಿಸಿದರು. ವಿಷಯ ಭಾರತೀಯ ರೋಗಿಗಳಲ್ಲಿ ಲ್ಯೂಕಾಟಮಿ. ಅಂದ್ರೆ ತಲೆಬುರುಡೆಯ ಎರಡೂ ಪಕ್ಕ ತೂತು ಕೊರೆದು, ಮಿದುಳಿನ ಮುಂಭಾಗವನ್ನು ಒಳಭಾಗಕ್ಕೆ ಜೋಡಿಸೋ ನರತಂತುಗಳನ್ನು ಕತ್ತರಿಸೋದು. ಪೋರ್ಚುಗಲ್‌ನ ನರವೈದ್ಯ ಎಗಾಸ್ ಮೋನಿಜ್ 1935ರಲ್ಲಿ ಇದನ್ನು ಶುರು ಮಾಡಿದ, ಅಮೆರಿಕದಲ್ಲಿ ಫ್ರೀಮನ್ ಮತ್ತು ವಾಟ್ಸ್ ಹಬ್ಬಿಸಿದರು. ಮೋನಿಜ್‌ಗೆ ಇದಕ್ಕೇ 1949ರಲ್ಲಿ ನೊಬೆಲ್ ಬಂತು. ಮರುವರ್ಷವೇ ಸೋವಿಯತ್ ಒಕ್ಕೂಟ ಇದನ್ನು ನಿಷೇಧಿಸಿತು.

ಈ ಶಸ್ತ್ರಚಿಕಿತ್ಸೆ ಆದವರಲ್ಲಿ ಹಲವರು ಶಾಂತರಾದರು. ಕೂಗಾಟ ನಿಂತಿತು, ಕಟ್ಟಿಹಾಕೋ ಅಗತ್ಯ ಬೀಳಲಿಲ್ಲ, ಕೆಲವರು ಮನೆಗೂ ಹೋದರು. ಆದರೆ ಅನೇಕರಲ್ಲಿ ಕೂಗಾಟದ ಜೊತೆ ಆಸೆಯೂ ಹೋಯಿತು, ಸಿಟ್ಟೂ ಹೋಯಿತು, ನಾಳೆ ಏನು ಅನ್ನೋ ಯೋಚನೆಯೂ ಹೋಯಿತು. ವಾರ್ಡಿಗೆ ಅನುಕೂಲ ಆದದ್ದು, ಮನೆಯವರಿಗೆ ಅನುಕೂಲ ಆದದ್ದು ರೋಗಿಗೂ ಅನುಕೂಲ ಆಯಿತು ಅಂತ ಲೆಕ್ಕ ಹಾಕಲಾಗದು. ಕತ್ತರಿಸಿದ ನರತಂತು ಮತ್ತೆ ಬೆಳೆಯೋದಿಲ್ಲ.

ಅಂದಿನ ವೈದ್ಯರ ಕೈಯಲ್ಲಿ ಬೇರೆ ಏನಿತ್ತು ಅಂತ ನೀವು ಕೇಳಬಹುದು. ಹೆಚ್ಚೇನೂ ಇರಲಿಲ್ಲ. ಸ್ಕಿಜೋಫ್ರೇನಿಯಾದ ಮೊದಲ ಪರಿಣಾಮಕಾರಿ ಮಾತ್ರೆ ಕ್ಲೋರ್‌ಪ್ರೊಮಜೀನ್ ಬಂದದ್ದು 1952ರಲ್ಲಿ. ವಾರ್ಡು ತುಂಬಿ ತುಳುಕುತ್ತಿತ್ತು. ಗೋವಿಂದಸ್ವಾಮಿ ಕ್ರೂರಿಯಾಗಿದ್ದರು ಅಂತ ನನಗೆ ಅನ್ನಿಸೋದಿಲ್ಲ. ಏನಾದರೂ ಮಾಡಲೇಬೇಕು ಅನ್ನೋ ತಹತಹ ಇತ್ತು ಅನ್ನಿಸುತ್ತೆ. ಹಾಗಂತ ಆ ಪ್ರಬಂಧವನ್ನು ಬರೀ ಕಾಲದ ತಪ್ಪು ಅಂತ ಪಕ್ಕಕ್ಕಿಡಲೂ ಮನಸ್ಸು ಬರೋದಿಲ್ಲ. ಯಾಕಂದ್ರೆ ಅಲ್ಲಿ ಕೇಳಬೇಕಾದ ಪ್ರಶ್ನೆ ವಿಜ್ಞಾನದ್ದಲ್ಲ, ಅಧಿಕಾರದ್ದು. ಆ ಮೇಜಿನ ಮೇಲೆ ಮಲಗಿದ ಹೆಣ್ಣು ಗಂಡುಗಳು ಒಪ್ಪಿದ್ದರಾ? ಒಪ್ಪಿಗೆ ಕೇಳಬೇಕು ಅನ್ನೋ ವಿಚಾರವೇ ಆಗಿನ ಕಾನೂನಿನಲ್ಲಿ ಇರಲಿಲ್ಲ. ಬ್ರಿಟಿಷ್ ಭಾರತದ 1912ರ ಲುನಸಿ ಕಾಯ್ದೆ ಹೇಳಿದ್ದು ಹುಚ್ಚರನ್ನು ಹೇಗೆ ಹಿಡಿದು ಒಳಗೆ ಹಾಕಬೇಕು, ಆಸ್ತಿಯನ್ನು ಯಾರು ನೋಡಿಕೊಳ್ಳಬೇಕು ಅಂತ. ಒಳಗೆ ಹೋದ ಮೇಲೆ ಅವರ ದೇಹ, ಅವರ ಮಿದುಳು ಯಾರದ್ದು ಅನ್ನೋದರ ಬಗ್ಗೆ ಆ ಕಾಯ್ದೆಗೆ ತಲೆನೋವು ಇರಲಿಲ್ಲ.

ಆ 1912ರ ಕಾಯ್ದೆ ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು. ಅದರ ಬದಲಿಗೆ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಯಾದದ್ದು 1993ರಲ್ಲಿ. ಅಂದ್ರೆ ನಮ್ಮ ಅತ್ತಿಯ ಕೈಕಾಲು ಒತ್ತಿ ಹಿಡಿದ ದಿನವೂ ದೇಶದಲ್ಲಿ ನಡೆಯುತ್ತಿದ್ದದ್ದು ಬ್ರಿಟಿಷರ ಕಾಯ್ದೆಯೇ.

ಯಂತ್ರಕ್ಕಿಂತ ಮನುಷ್ಯರು ಮುಖ್ಯ ಅಂದವರು

ಇಷ್ಟೇ ಆಗಿದ್ದರೆ ಗೋವಿಂದಸ್ವಾಮಿ ಇತಿಹಾಸದ ಒಂದು ಅಡಿಟಿಪ್ಪಣಿ ಆಗಿರುತ್ತಿದ್ದರು. ಅವರ ಬದುಕಿನ ಇನ್ನೊಂದು ಅರ್ಧ ಬೇರೆಯೇ ಇದೆ.

ಸ್ವಾತಂತ್ರ್ಯಕ್ಕೆ ಸ್ವಲ್ಪ ಮುಂಚೆ ಸರ್ ಜೋಸೆಫ್ ಭೋರ್ ಸಮಿತಿ ದೇಶದ ಆರೋಗ್ಯ ವ್ಯವಸ್ಥೆಯನ್ನೆಲ್ಲ ಪರಿಶೀಲಿಸಿ 1946ರಲ್ಲಿ ವರದಿ ಕೊಟ್ಟಿತು. ಸುಮಾರು 40 ಕೋಟಿ ಜನರಿದ್ದ ದೇಶದಲ್ಲಿ ಮಾನಸಿಕ ರೋಗಿಗಳಿಗೆ ಇದ್ದದ್ದು ಹತ್ತು ಸಾವಿರ ಚಿಲ್ಲರೆ ಹಾಸಿಗೆ, ಅಂದ್ರೆ 40,000 ಜನಕ್ಕೆ ಒಂದರಂತೆ. ಹಾಸಿಗೆಗಿಂತ ದೊಡ್ಡ ಕೊರತೆ ತರಬೇತಿ ಪಡೆದ ಜನರದ್ದು. ಅದಕ್ಕಾಗಿ ದೇಶದ ಒಳಗೇ ಒಂದು ಸಂಸ್ಥೆ ಬೇಕು ಅಂತ ಸಮಿತಿ ಹೇಳಿತು. ಕೇಂದ್ರ ಸರ್ಕಾರ ಮತ್ತು ಮೈಸೂರು ಸರ್ಕಾರ ಕೂಡಿ ಅದನ್ನು ಲಕ್ಕಸಂದ್ರದ ಆಸ್ಪತ್ರೆಯ ಮಗ್ಗುಲಲ್ಲೇ ಶುರು ಮಾಡಿದ್ದು 1954ರ ಡಿಸೆಂಬರ್ 27ರಂದು. ಹೆಸರು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ. ಮೊದಲ ನಿರ್ದೇಶಕರು ಗೋವಿಂದಸ್ವಾಮಿ.

ಅವರು ಅಲ್ಲಿ ಬರೀ ಮನೋವೈದ್ಯರನ್ನು ತಯಾರು ಮಾಡಲಿಲ್ಲ. ಮನೋವೈದ್ಯರ ಡಿಪ್ಲೊಮಾ ಜೊತೆಗೇ ವೈದ್ಯಕೀಯ ಮನಃಶಾಸ್ತ್ರದ ಡಿಪ್ಲೊಮಾ ಶುರುವಾಯಿತು, 1956ರಲ್ಲಿ ಮನೋರೋಗ ಶುಶ್ರೂಷೆಯ ತರಬೇತಿ ಬಂತು. ಇವತ್ತು ನೀವು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ನೋಡ್ತೀರಲ್ಲ, ಆ ವೃತ್ತಿಯ ತರಬೇತಿ ಭಾರತದಲ್ಲಿ ಬೇರು ಬಿಟ್ಟದ್ದು ಇಲ್ಲಿ. ರೋಗಿಯ ಜೊತೆ ಕೂತು ಮಾತಾಡೋರು ಬೇಕು, ಆರೈಕೆ ಮಾಡಲು ಗೊತ್ತಿರೋರು ಬೇಕು ಅನ್ನೋದು ಈ ಕೋರ್ಸುಗಳಲ್ಲೇ ಕಾಣುತ್ತೆ. ಲ್ಯೂಕಾಟಮಿಯ ಪ್ರಬಂಧಕ್ಕೆ ಸಹಿ ಹಾಕಿದ ಕೈಯೇ ಹತ್ತು ವರ್ಷದ ನಂತರ ನರ್ಸುಗಳ ಪಠ್ಯಕ್ರಮಕ್ಕೂ ಸಹಿ ಹಾಕಿತು. ಮನುಷ್ಯ ಬದಲಾದರೋ, ಎರಡೂ ಮೊದಲಿನಿಂದಲೇ ಒಬ್ಬರಲ್ಲೇ ಇದ್ದವೋ? ಎರಡೂ ಇದ್ದವು ಅಂತಲೇ ನನಗೆ ತೋರುತ್ತೆ.

ಇನ್ನೊಂದು ಸಂಗತಿ ಈಗಿನ ರಾಜಕೀಯಕ್ಕೆ ತಾಗುವಂಥದ್ದು. ಭಾರತೀಯ ದರ್ಶನಗಳನ್ನು, ಆಯುರ್ವೇದವನ್ನು ಮನೋವೈದ್ಯಕೀಯದ ದೃಷ್ಟಿಯಿಂದ ಸಂಶೋಧನೆ ಮಾಡಬೇಕು ಅಂತ ಅವರು 1940ರ ದಶಕದ ಕೊನೆಯಲ್ಲೇ ಬರೆದಿದ್ದರು. ನಮ್ಮ ಪುರಾತನರಿಗೆ ಎಲ್ಲಾ ಗೊತ್ತಿತ್ತು ಅನ್ನೋ ವಾಟ್ಸಾಪ್ ಮಾತಿಗೂ ಇದಕ್ಕೂ ಅಜಗಜಾಂತರ. ಅವರು ಕೇಳಿದ್ದು ಸಂಶೋಧನೆಯನ್ನು, ಜೈಕಾರವನ್ನಲ್ಲ. ಪಶ್ಚಿಮದ್ದು ಅಂತ ಕರೆಂಟನ್ನು ತಳ್ಳಲಿಲ್ಲ, ನಮ್ಮದು ಅಂತ ಬ್ರಾಹ್ಮಿ ಎಲೆಯನ್ನು ಪೂಜಿಸಲೂ ಹೇಳಲಿಲ್ಲ.

ಆದರೆ ಅವರ ಭಾರತೀಯತೆ ಸಂಸ್ಕೃತದ ದರ್ಶನಗಳ ಕಡೆ ನೋಡಿದಷ್ಟು ಗಾಣಗಾಪುರದ ಕಡೆ ನೋಡಿದ್ದರೆ ಚೆನ್ನಾಗಿತ್ತು ಅನ್ನೋ ತಕರಾರು ನನಗಿದೆ. ಅಲ್ಲಿ ದೆವ್ವ ಮೈಮೇಲೆ ಬಂತು ಅಂತ ಕಂಬ ಹಿಡಿದು ಕೂಗೋ ಹೆಂಗಸರನ್ನು ನೋಡಿ ನಗೋದು ಸುಲಭ. ಆದರೆ ಆ ಕಂಬದ ಪಕ್ಕದಲ್ಲಿ ಅವರ ಅವ್ವ ಇರ್ತಾಳೆ, ಅಣ್ಣ ಇರ್ತಾನೆ, ಬುತ್ತಿ ಕಟ್ಟಿಕೊಂಡು ಬಂದ ಇಡೀ ಮನೆ ಇರುತ್ತೆ. ಆಸ್ಪತ್ರೆಯಲ್ಲಿ ಮನೆಯವರನ್ನು ಗೇಟಿನ ಹೊರಗೆ ನಿಲ್ಲಿಸ್ತಿದ್ದರು. ಅಮೃತಸರದಲ್ಲಿ ಡಾ. ವಿದ್ಯಾ ಸಾಗರ್ 1950ರ ದಶಕದಲ್ಲಿ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನಲ್ಲೂ ಆಮೇಲೆ ಕುಟುಂಬದ ವಾರ್ಡುಗಳು ಬಂದವು. ಹಾಗಂತ ದೇವಸ್ಥಾನ, ದರ್ಗಾಗಳನ್ನು ನಾನು ಮೆರೆಸಲೂ ಹೊರಟಿಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸುಟ್ಟುಹೋದರು.

ನಂತರದ ಕಥೆ

ಗೋವಿಂದಸ್ವಾಮಿ 1961ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಸಂಸ್ಥೆಯಲ್ಲಿ ಮಿದುಳಿನ ಒಳಗೆ ಕೈ ಹಾಕೋ ಕೆಲಸ ನಿಲ್ಲಲಿಲ್ಲ, ಆದರೆ ದಿಕ್ಕು ಬದಲಾಯಿತು. ಅವರ ಕಾಲದಲ್ಲೇ, 1958ರಲ್ಲಿ, ಡಾ. ಆರ್. ಮಾರ್ತಾಂಡ ವರ್ಮ ಅಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗ ಶುರು ಮಾಡಿದ್ದರು. ಅವರು ಹಿಡಿದದ್ದು ಪಾರ್ಕಿನ್‌ಸನ್ ಕಾಯಿಲೆಯನ್ನು, ಕೈ ನಡುಗೋ, ಮೈ ಬಿಗಿಯೋ ಕಾಯಿಲೆಯನ್ನು. ತಲೆ ತೆರೆಯದೆ, ತಲೆಬುರುಡೆಯ ತಳದಲ್ಲಿ ಸಹಜವಾಗಿಯೇ ಇರೋ ರಂಧ್ರದ ಮೂಲಕ ಸೂಜಿ ತೂರಿಸಿ, ಚಲನೆಯನ್ನು ನಿಯಂತ್ರಿಸೋ ಆಳದ ಭಾಗವನ್ನು ಮುಟ್ಟೋ ವಿಧಾನ ರೂಪಿಸಿದರು. ದುಬಾರಿ ಯಂತ್ರ ಇಲ್ಲದ ಬಡ ದೇಶಕ್ಕೆ ಹೊಂದೋ ವಿಧಾನ ಅದು. 1974ರಲ್ಲಿ ಮೈಸೂರು ಸಂಸ್ಥಾನದ ಹಳೇ ಆಸ್ಪತ್ರೆ ಮತ್ತು ಕೇಂದ್ರದ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆದಾಗ, ಮನಸ್ಸಿನ ಕಾಯಿಲೆ, ನರದ ಕಾಯಿಲೆ ಎರಡೂ ಒಂದೇ ಸೂರಿನಡಿ ಬಂದವು.

ಆಮೇಲೆ 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿಡ್ ಅನ್ನೋ ಶಸ್ತ್ರವೈದ್ಯ ಒಂದು ದೊಡ್ಡ ಸಂಗತಿ ಕಂಡುಕೊಂಡ. ಸುಡೋದು, ಕತ್ತರಿಸೋದು ಬೇಡ, ಮಿದುಳಿನ ಆಳದಲ್ಲಿ ತಂತಿ ಇಟ್ಟು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಸಣ್ಣ ವಿದ್ಯುತ್ ಮಿಡಿತ ಕೊಟ್ಟರೆ ನಡುಕ ನಿಲ್ಲುತ್ತೆ, ಸ್ವಿಚ್ ಆರಿಸಿದರೆ ವಾಪಸ್ ಬರುತ್ತೆ. ಎದೆಯ ಚರ್ಮದಡಿ ಬ್ಯಾಟರಿ. ಇದೇ ಇವತ್ತಿನ ಡೀಪ್ ಬ್ರೇನ್ ಸ್ಟಿಮ್ಯುಲೇಷನ್. ತಲೆಯ ಹೊರಗಿನಿಂದಲೇ ಅಯಸ್ಕಾಂತದ ಮಿಡಿತ ಕೊಡೋ ಟಿಎಂಎಸ್, ಹಣೆಗೆ ಅತಿ ಸಣ್ಣ ಕರೆಂಟ್ ಕೊಡೋ ಟಿಡಿಸಿಎಸ್ ಬಂದಿವೆ. ನಿಮ್ಹಾನ್ಸ್‌ನಲ್ಲಿ ಇವುಗಳ ಮೇಲೆ ಸಂಶೋಧನೆ ನಡೀತಿದೆ. ಇವುಗಳಲ್ಲಿ ಲ್ಯೂಕಾಟಮಿಗಿಂತ ಬೇರೆಯಾದ ಮುಖ್ಯ ಗುಣ ಯಾವುದು ಗೊತ್ತಾ? ಬೇಡ ಅಂದ್ರೆ ನಿಲ್ಲಿಸಬಹುದು.

ಕಾನೂನೂ ಬದಲಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸೋ ಔಷಧ ಇಲ್ಲದೆ ಕರೆಂಟ್ ಕೊಡೋದನ್ನು ಅದು ನಿಷೇಧಿಸುತ್ತೆ. ಸರಪಳಿ ಹಾಕೋದನ್ನೂ ನಿಷೇಧಿಸುತ್ತೆ. ಮನಸ್ಸಿನ ಕಾಯಿಲೆಗೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಬೇಕಾದರೆ ರೋಗಿಯ ಒಪ್ಪಿಗೆಯೂ ಬೇಕು, ಮಂಡಳಿಯ ಅನುಮತಿಯೂ ಬೇಕು. ಮುಂದೆ ನನಗೆ ಹೀಗಾದರೆ ಇಂಥ ಚಿಕಿತ್ಸೆ ಕೊಡಿ, ಇಂಥದ್ದು ಬೇಡ ಅಂತ ನೀವು ಈಗಲೇ ಬರೆದಿಡೋ ಹಕ್ಕೂ ಅದರಲ್ಲಿದೆ. 1944ರಲ್ಲಿ ಕೇಳದೇ ಉಳಿದ ಪ್ರಶ್ನೆಗೆ ಕಾನೂನು ಉತ್ತರ ಕೊಡಲು 73 ವರ್ಷ ಬೇಕಾಯಿತು. ಇದನ್ನು ನಿಮ್ಮ ಊರಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ಒಮ್ಮೆ ಕೇಳಿ ನೋಡಿ.

ಗೋವಿಂದಸ್ವಾಮಿಯವರ ಸಂಸ್ಥೆ ನಮ್ಮ ಸೀಮೆಗೆ ಹತ್ತಿರ ಬಂದದ್ದು 1980ರ ದಶಕದಲ್ಲಿ. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ನಾಲ್ಕೈದು ಬಗೆಯ ಮಾತ್ರೆಗಳನ್ನು ಹಳ್ಳಿಯಲ್ಲೇ ಸಿಗುವಂತೆ ಮಾಡಿತು. ಕೆಲಸ ಆಯಿತು. ಅದೇ ಮಾದರಿ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಈಗ ರಾಜ್ಯದಲ್ಲಿ ಮನೋಚೈತನ್ಯ ಅನ್ನೋ ಹೆಸರಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಇದೆ. ಆದರೂ ನಿಮ್ಹಾನ್ಸ್‌ನದೇ 2015-16ರ ರಾಷ್ಟ್ರೀಯ ಸಮೀಕ್ಷೆ ಹೇಳೋ ಪ್ರಕಾರ, ಕಾಯಿಲೆಯ ಬಗೆಯನ್ನು ನೋಡಿಕೊಂಡು ನೂರರಲ್ಲಿ 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಗ್ತಿಲ್ಲ. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯನೂ ಇಲ್ಲ.

ಹೊಸ ಬ್ರೇನ್ ಸ್ಟಿಮ್ಯುಲೇಷನ್ ಯಂತ್ರ ಬಂದರೆ ಪತ್ರಿಕೆಯಲ್ಲಿ ಫೋಟೋ ಬರುತ್ತೆ, ಮಂತ್ರಿ ರಿಬ್ಬನ್ ಕತ್ತರಿಸ್ತಾರೆ. ಸುರಪುರದ ಆಸ್ಪತ್ರೆಗೆ ಒಬ್ಬ ಕೌನ್ಸೆಲರ್ ಬೇಕು ಅಂದ್ರೆ ಯಾರೂ ರಿಬ್ಬನ್ ತರೋದಿಲ್ಲ. 371(ಜೆ) ಬಂದು ಹತ್ತು ವರ್ಷ ದಾಟಿತು, ಕಲ್ಯಾಣ ಕರ್ನಾಟಕದ ಅಭಿವೃದ್ಧಿಯ ದುಡ್ಡಿನ ಬಗ್ಗೆ ನಾವು ರಸ್ತೆ, ನೀರಾವರಿ, ನೇಮಕಾತಿ ಅಂತ ಜಗಳ ಮಾಡ್ತೀವಿ, ಮಾಡಲೇಬೇಕು. ಆ ಜಗಳದ ಪಟ್ಟಿಯಲ್ಲಿ ಮನಸ್ಸಿನ ಆರೋಗ್ಯ ಯಾಕಿಲ್ಲ? ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿಯಿಡೀ ಕೂತು, ಬೆಂಗಳೂರಿಗೆ ಹೋಗಿ ನಿಮ್ಹಾನ್ಸ್ ಕಾರಿಡಾರಿನಲ್ಲಿ ಚಾಪೆ ಹಾಸೋ ಯಾದಗಿರಿಯ ಮನೆಗಳ ದೂರ ಯಂತ್ರದಿಂದ ಕಡಿಮೆ ಆಗೋದಿಲ್ಲ.

ಕನ್ನಡದಲ್ಲಿ ಈ ವಿಷಯ ಬಂದಾಗ ಎಲ್ಲರೂ ನೆನೆಯೋದು ತ್ರಿವೇಣಿಯವರ ಶರಪಂಜರವನ್ನು, 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾವನ್ನು. ಆ ಕಥೆಯ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಬರ್ತಾಳೆ. ಅವಳನ್ನು ವಾಪಸ್ ಕಳಿಸೋದು ಮನೆ ಮತ್ತು ಊರು. ನಮ್ಮ ಅತ್ತಿಗೆ ಅಷ್ಟು ಆಗಲಿಲ್ಲ, ಮಾಮಾ ಬಿಡಲಿಲ್ಲ. ಆದರೆ ಮನೆಯಲ್ಲಿ ಯಾವ ಕಾಗದ ಬಂದರೂ ಆಕೆಯ ಕೈಗೆ ಯಾರೂ ಕೊಡ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅತ್ತಿಗೆ ಕಣ್ಣಿನ ಪೊರೆ ಬಂತು. ಆಪರೇಷನ್‌ಗೆ ನಾನೇ ಕರೆದುಕೊಂಡು ಹೋಗಿದ್ದೆ. ನರ್ಸಮ್ಮ ಒಪ್ಪಿಗೆ ಪತ್ರವನ್ನು ರೂಢಿಯಂತೆ ಮಗನ ಕಡೆ ಚಾಚಿದರು. ಅತ್ತಿ ಕೈ ಅಡ್ಡ ಹಿಡಿದಳು. ಅದರಲ್ಲಿ ಏನು ಬರೆದೈತಿ ಓದು ಅಂತ ನನಗೆ ಹೇಳಿದಳು. ನಾನು ಓದಿದೆ. ಸೂಜಿ ಎಲ್ಲಿ ಚುಚ್ಚತಾರ, ಎಷ್ಟು ಹೊತ್ತು ಹಿಡಿತದ, ಎಚ್ಚರ ಇರತದೋ ಇಲ್ಲೋ ಅಂತ ನರ್ಸಮ್ಮನನ್ನು ಒಂದೊಂದಾಗಿ ಕೇಳಿದಳು. ಹಿಂದೆ ಸಾಕ್ಷರತಾ ಆಂದೋಲನದಲ್ಲಿ ಸಹಿ ಮಾಡೋದು ಕಲಿತಿದ್ದಳು. ಪೆನ್ನು ತಗೊಂಡು, ಅಕ್ಷರ ಒಂದೊಂದೇ ಕೂಡಿಸಿ, ಹೆಸರು ಬರೆದಳು. ಹೊರಗೆ ಸಾಲಿನಲ್ಲಿ ಇನ್ನೂ ಹತ್ತು ಜನ ಇದ್ದರು, ಆಕೆ ಅವಸರ ಮಾಡಲಿಲ್ಲ.